ಹಾಲಾಡಿ ಸಮೀಪದ ಕೃಷಿಕರೊಬ್ಬರು

ಶಿರೂರು
ಜೂನ್ 11, 2024

ಪೂಜ್ಯ ಚಂದಯ್ಯ ಮಾಷ್ಟ್ರಿಗೆ, ಶ್ರೀಲತಾ ಮಾಡುವ ನಮಸ್ಕಾರಗಳು.

ನಮ್ಮ ವಾರಪತ್ರಿಕೆ ನಿಂತ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಮಾಲೀಕ ರವಿಚಂದ್ರರು ಕುಂದಾಪುರದ ಆಫೀಸಿಗೆ ಬೀಗ ಹಾಕಿದ ದಿನ ನೀವು ಕೆಂಪು ಪೆನ್ನನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು, "ಬತ್ತೆ ಹೆಣೆ" ಎಂದು ಅಮಾಸೆಬೈಲಿನ ಬಸ್ಸು ಹತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಯಲ್ಲಿ ಕನ್ನಡ ಕಲಿಸಿದವರು ನೀವು, ಹನ್ನೊಂದು ವರ್ಷ ನನ್ನ ಸುದ್ದಿಗಳ ಕರಡು ತಿದ್ದಿದವರೂ ನೀವೇ. ಪತ್ರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈಯಿರಿ.

ನನ್ನ ಹೆತ್ತಬ್ಬಿ ಏಪ್ರಿಲಿನಲ್ಲಿ ಬಂದರಿನಲ್ಲಿ ಜಾರಿ ಬಿದ್ದಳು. ತಲೆಯ ಮೇಲೆ ಮೀನಿನ ಬುಟ್ಟಿ ಇತ್ತು. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆದರೂ ಒಬ್ಬಳೇ ಎದ್ದು ಕೂರಲು ಆಗುವುದಿಲ್ಲ. ತಮ್ಮ ಸಚಿನ್ ದೋಣಿಗೆ ಹೋದರೆ ಮನೆಗೆ ಬರುವುದು ಹತ್ತು ದಿನಕ್ಕೊಮ್ಮೆ. ಹಾಗಾಗಿ ನಾನು ಅಂಗಡಿಗೋ ಆಫೀಸಿಗೋ ಕೆಲಸಕ್ಕೆ ಹೋಗುವ ಮಾತೇ ಇಲ್ಲ. ಮನೆಯಲ್ಲೇ ಕುಳಿತು ಮಾಡುವಂಥದ್ದು ಬೇಕು. ನನಗೆ ಬರುವುದು ಒಂದೇ, ಬರೆಯುವುದು.

ಇಂಟರ್ನೆಟ್ಟಿನಲ್ಲಿ ಬರೆಯುವವರಿಗೆ ಕೆಲಸ ಸಿಗುತ್ತದಂತೆ. ಬ್ರಹ್ಮಾವರದಲ್ಲಿ ಎರಡು ದಿನದ ತರಬೇತಿ ಇತ್ತು. ಅಬ್ಬಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿ ಬಂದೆ. ಟೈ ಕಟ್ಟಿದ ಹುಡುಗನೊಬ್ಬ, "ಪ್ರಪಂಚವೇ ನಿಮ್ಮ ಆಫೀಸು" ಎಂದು ಮೂರು ಸಲ ಹೇಳಿದ. ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ನನ್ನ ಹೆಸರು 'ಶ್ರೀಲಾತ' ಎಂದು ಅಚ್ಚಾಗಿತ್ತು. ನಿಮ್ಮನ್ನು ನೆನೆದು ನಕ್ಕೆ.

ಪುಷ್ಪಕ್ಕನಿಗೆ ನನ್ನ ನೆನಪು ಹೇಳಿ.

ಇಂತಿ ನಿಮ್ಮ
ಶ್ರೀಲತಾ


ಅಮಾಸೆಬೈಲು
ಜೂನ್ 24, 2024

ಚಿ. ಶ್ರೀಲತಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಪುಷ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಹೊಲಿಗೆ ಮಿಷಿನು ನಿಲ್ಲಿಸಿ ಕೇಳಿದಳು. ನಮ್ಮ ಮದುವೆಯಾದಂದಿನಿಂದ ಅವಳು ಮಿಷಿನು ನಿಲ್ಲಿಸಿದ್ದು ಅಪರೂಪ. ಶಾಲೆ ಶುರುವಾದ ಹೊತ್ತು, ಮನೆ ತುಂಬ ಯೂನಿಫಾರಂ ಬಟ್ಟೆ.

ನಿನ್ನ ಪತ್ರದಲ್ಲಿ ತಪ್ಪು ಒಂದೇ. ಅದನ್ನು ಇಲ್ಲಿ ಹೇಳುವುದಿಲ್ಲ, ನೀನೇ ಹುಡುಕು.

ಈ ಇಂಟರ್ನೆಟ್ಟಿನ ವಿಚಾರ ನನಗೆ ತಿಳಿಯದು. ನಮ್ಮ ಮನೆ ಇರುವ ತಗ್ಗಿಗೆ ಸಿಗ್ನಲ್ಲೇ ಬರುವುದಿಲ್ಲ. ನೆರೆಮನೆಯ ಬಚ್ಚನ ಹತ್ತಿರ ಫೋನಿದೆ. ಅವನು ದಿನಾ ಸಂಜೆ ಗುಡ್ಡೆ ಹತ್ತಿ ಅದಕ್ಕೆ ಜೀವ ಬರಿಸಿಕೊಂಡು ಇಳಿಯುತ್ತಾನೆ. ಅವನ ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ತುರ್ತು ಇದ್ದರೆ ಅದಕ್ಕೆ ಮಾಡು. ಉಳಿದದ್ದಕ್ಕೆ ಪೋಸ್ಟ್‌ಮ್ಯಾನ್ ಇದ್ದಾನೆ.

ನೀನು ಬರೆದದ್ದು ಎಲ್ಲಿಯೇ ಬರಲಿ, ಒಂದು ಪ್ರತಿ ತೆಗೆದು ನನಗೆ ಕಳಿಸು. ಕೆಂಪು ಪೆನ್ನಿಗೆ ಕೆಲಸವಿಲ್ಲದೆ ಮಸಿ ಒಣಗುತ್ತಿದೆ. ಪುಷ್ಪನೂ ಕೇಳುತ್ತಾಳೆ: "ಶ್ರೀಲತಾ ಬರ್ದದ್ದ್ ಎಂತಾರೂ ಇದ್ರೆ ಓದಿ ಹೇಳಿ."

ಇತಿ
ಚಂದಯ್ಯ


ಶಿರೂರು
ಸೆಪ್ಟೆಂಬರ್ 19, 2024

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ಮೂರು ತಿಂಗಳಾಯಿತು. ಕೆಲಸ ಸಿಕ್ಕದೆ ಬರೆಯುವುದು ಬೇಡ ಎಂದು ಹಟ ಹಿಡಿದಿದ್ದೆ.

ಹುಡುಕಾಟದ ಕಥೆ ಕೇಳಿ. ಬರೆಯುವವರನ್ನೂ ಬರೆಸುವವರನ್ನೂ ಜೋಡಿಸುವ ವೆಬ್‌ಸೈಟುಗಳಿವೆ. ಅಲ್ಲಿ ನಮ್ಮ ಫೋಟೋ, ಓದು, ಅನುಭವ ಎಲ್ಲ ಹಾಕಿ ಕಾಯಬೇಕು. ಒಂದು ಕೆಲಸ ಬಿದ್ದರೆ ಮುನ್ನೂರು ಜನ ಮುಗಿಬೀಳುತ್ತಾರೆ. ಬಂದರಿನಲ್ಲಿ ದೋಣಿಯಿಂದ ಮೀನು ಇಳಿಸುವಾಗ ಹದ್ದುಗಳು ಎರಗುವ ಹಾಗೆ. ಎಪ್ಪತ್ತೆರಡು ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಐದು. ಅದರಲ್ಲಿ ಮೂವರು 'ಸ್ಯಾಂಪಲ್' ಬರೆಸಿಕೊಂಡು ಕಾಣೆಯಾದರು. ಒಬ್ಬರ ವೆಬ್‌ಸೈಟಿನಲ್ಲಿ ನನ್ನ ಸ್ಯಾಂಪಲ್ ಅಕ್ಷರ ಬಿಡದೆ ಬಂದಿತ್ತು. ಕೇಳಿದರೆ ಉತ್ತರವಿಲ್ಲ. ಇನ್ನೊಬ್ಬರು ನೋಂದಣಿ ಶುಲ್ಕ ಎಂದರು. ಕಟ್ಟಿದೆ. ಮರುದಿನ ಆ ನಂಬರೇ ಇರಲಿಲ್ಲ. ಅಬ್ಬಿಗೆ ಹೇಳಿಲ್ಲ.

ಕನ್ನಡದಲ್ಲಿ ಬರೆಯುವವರು ಯಾರಿಗೆ ಬೇಕು ಎಂದು ಕೈಬಿಡುವಷ್ಟರಲ್ಲಿ, ಆಗಸ್ಟಿನಲ್ಲಿ ಒಂದು ಆರೋಗ್ಯದ ವೆಬ್‌ಸೈಟು ಸಿಕ್ಕಿತು. ವಿಶಾಲ್ ಎನ್ನುವವರು ವಾಟ್ಸಾಪಿನಲ್ಲಿ ತಲೆಬರಹ ಕಳಿಸುತ್ತಾರೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಒಂದು ಪದಕ್ಕೆ ಹದಿನೈದು ಪೈಸೆ. ದಿನಕ್ಕೆ ನಾಲ್ಕು ಲೇಖನ ಕೊಡಬೇಕು. ಅಬ್ಬಿಯನ್ನು ಮಗ್ಗುಲು ತಿರುಗಿಸುವುದು, ಒಂದು ಲೇಖನ. ಗಂಜಿ ಕುಡಿಸುವುದು, ಇನ್ನೊಂದು ಲೇಖನ.

ಮೊದಲ ತಿಂಗಳ ಹಣ ಬಂತು ಮಾಷ್ಟ್ರೇ. ಅಬ್ಬಿ ಕೇಳಿದಳು: "ಫೋನೊಳ್ಗೆ ಬರ್ದ್ರೆ ದುಡ್ಡ್ ಕೊಡುದ್ ಯಾರ್ ಹೆಣೆ?" ನನಗೂ ಗೊತ್ತಿಲ್ಲ ಎಂದೆ.

ಲೇಖನದಲ್ಲಿ ಹೆಸರು ಹಾಕುವುದಿಲ್ಲ. ಆದರೂ ನಾನೇ ಬರೆದದ್ದು. ಬೈಂದೂರಿಗೆ ಹೋದಾಗ ಮೂರನ್ನು ಪ್ರಿಂಟ್ ತೆಗೆಸಿದ್ದೆ, ಇದರೊಂದಿಗೆ ಇಟ್ಟಿದ್ದೇನೆ. ತಿದ್ದಿ ಕಳಿಸಿ.

ಇಂತಿ ನಿಮ್ಮ
ಶ್ರೀಲತಾ


ಅಮಾಸೆಬೈಲು
ಅಕ್ಟೋಬರ್ 3, 2024

ಚಿ. ಶ್ರೀಲತಾಳಿಗೆ ಆಶೀರ್ವಾದಗಳು.

ತಿದ್ದಿದ ಪ್ರತಿಗಳು ಇದರೊಳಗೆ ಇವೆ. ತಲೆಹೊಟ್ಟಿನ ಲೇಖನದಲ್ಲಿ ಎಂಟು ತಪ್ಪು, ನಿದ್ದೆಯದರಲ್ಲಿ ಐದು, ಸಕ್ಕರೆ ಕಾಯಿಲೆಯದರಲ್ಲಿ ಹದಿನಾಲ್ಕು. ಮಹಾಪ್ರಾಣಗಳನ್ನು ಹೀಗೆ ಬಿಟ್ಟುಕೊಂಡು ಹೋದರೆ ಹೇಗೆ? ಅವಸರದಲ್ಲಿ ಬರೆಯುತ್ತಿದ್ದೀ ಎಂದು ತಿಳಿಯುತ್ತದೆ.

ಪುಷ್ಪನಿಗೆ ಸಂಭ್ರಮವೋ ಸಂಭ್ರಮ. ಸಕ್ಕರೆ ಕಾಯಿಲೆಯ ಲೇಖನವನ್ನು ಎರಡೆರಡು ಸಲ ಓದಿಸಿದಳು. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಇರುವುದು ನಿನಗೆ ಗೊತ್ತಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು ಮಾತ್ರೆ. ನೇರಳೆ ಬೀಜ ಮತ್ತು ಮಾವಿನ ಚಿಗುರಿನ ಕಷಾಯದ ಬಗ್ಗೆ ನೀನು ಬರೆದಿದ್ದೀಯಲ್ಲ, 'ಹಾಲಾಡಿ ಸಮೀಪದ ಕೃಷಿಕರೊಬ್ಬರು ನಲವತ್ತು ದಿನ ಈ ಕಷಾಯ ಸೇವಿಸಿ, ಹದಿನೈದು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಗಳಿಗೆ ವಿದಾಯ ಹೇಳಿದ್ದಾರೆ' ಎಂದು, ಅಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಹಾಲಾಡಿ ಅಂದ್ರೆ ಇಲ್ಲೇ ಅಲ್ದಾ? ಹೆಸ್ರ್ ಎಂತ ಅಂದೇಳಿ ಶ್ರೀಲತಾನತ್ರ ಕೇಣಿ. ಒಂದಿನ ಹೋಯಿ ಕಂಡ್ಕಂಡ್ ಬಪ್ಪ" ಎಂದಳು.

ಆದ್ದರಿಂದ ಆ ಮನುಷ್ಯನ ಹೆಸರು, ಮನೆ ಎಲ್ಲಿ ಎಂದು ಬರೆ. ಪೇಟೆಗೆ ಹೇಗೂ ಹಾಲಾಡಿಗೇ ಹೋಗುತ್ತೇವೆ.

ಇತಿ
ಚಂದಯ್ಯ


ಶಿರೂರು
ಅಕ್ಟೋಬರ್ 14, 2024

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ತಪ್ಪುಗಳನ್ನು ನೋಡಿದೆ. ನಾಚಿಕೆಯಾಯಿತು.

ಹಾಲಾಡಿಯವರ ವಿಚಾರ ಕೇಳಿದ್ದೀರಿ. ಅವರು ಹೆಸರು ಹೇಳಬಾರದು ಎಂದಿದ್ದಾರೆ. ಈಗ ಊರಿನಲ್ಲಿಯೂ ಇಲ್ಲ, ಮುಂಬೈಯಲ್ಲಿ ಮಗನ ಹೋಟೆಲಿನಲ್ಲಿ ಇದ್ದಾರಂತೆ.

ಅಬ್ಬಿ ಕರೆಯುತ್ತಿದ್ದಾಳೆ. ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಇಂತಿ
ಶ್ರೀಲತಾ


ಅಮಾಸೆಬೈಲು
ಡಿಸೆಂಬರ್ 2, 2024

ಚಿ. ಶ್ರೀಲತಾಳಿಗೆ ಆಶೀರ್ವಾದಗಳು.

ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ ಎಂದವಳು ಬರೆಯಲೇ ಇಲ್ಲ. ಅಮ್ಮನಿಗೆ ಹೇಗಿದೆ?

ಇಲ್ಲಿ ಪುಷ್ಪ ಕಷಾಯ ಶುರು ಮಾಡಿ ಇಂದಿಗೆ ಇಪ್ಪತ್ತಾರು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನದೇ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾಳೆ. ಮೈ ಹಗುರಾಗಿದೆ ಎನ್ನುತ್ತಾಳೆ. ಮಾತ್ರೆಯ ಡಬ್ಬಿ ಹೊಲಿಗೆ ಮಿಷಿನಿನ ಡ್ರಾಯರು ಸೇರಿದೆ. ಮೊನ್ನೆ ಅದು ಕಣ್ಣಿಗೆ ಬಿದ್ದು ಗದರಿದೆ.

"ಶ್ರೀಲತಾ ಸುಳ್ಳ್ ಬರಿತ್ಲಾ?" ಎಂದು ಕೇಳಿದಳು.

ಹನ್ನೊಂದು ವರ್ಷ ನಿನ್ನ ಸುದ್ದಿಗಳಲ್ಲಿ ಕಾಗುಣಿತದ ತಪ್ಪು ಹಿಡಿದಿದ್ದೇನೆ. ಸುಳ್ಳು ಹಿಡಿದದ್ದಿಲ್ಲ.

ಕಳೆದ ವಾರ ಕೆಳಗೆ ಬಿದ್ದಿದ್ದ ಸೂಜಿ ಅವಳ ಪಾದಕ್ಕೆ ನಟ್ಟಿತ್ತು. ನಾನು ನೋಡಿ ಹೇಳುವವರೆಗೆ ಅವಳಿಗೆ ಗೊತ್ತೇ ಆಗಿರಲಿಲ್ಲ. ನೋವೇ ಇಲ್ಲವಂತೆ. ಅದೂ ಕಷಾಯದ ಗುಣ ಎಂದು ನಗುತ್ತಾಳೆ.

ಹಾಲಾಡಿಯ ಹೋಟೆಲಿನಲ್ಲಿ ವಿಚಾರಿಸಿದೆ. ಮುಂಬೈಯಲ್ಲಿ ಮಗನ ಹೋಟೆಲ್ ಇರುವವರು ಏಳೆಂಟು ಮಂದಿ ಇದ್ದಾರೆ. ಅವರಲ್ಲಿ ಯಾರಿಗೂ ಸಕ್ಕರೆ ಹೋದ ಸುದ್ದಿಯಿಲ್ಲ.

ಇತಿ
ಚಂದಯ್ಯ


ಶಿರೂರು
ಡಿಸೆಂಬರ್ 9, 2024

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ಪುಷ್ಪಕ್ಕ ಮಾತ್ರೆ ಬಿಡುವುದು ಬೇಡ. ಕಷಾಯ ಕುಡಿಯುವುದಾದರೆ ಕುಡಿಯಲಿ, ಮಾತ್ರೆಯನ್ನೂ ತೆಗೆದುಕೊಳ್ಳಲಿ. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ವೈದ್ಯರ ಸಲಹೆ ಪಡೆಯಿರಿ' ಎಂದು ಇದೆಯಲ್ಲ, ಅದನ್ನು ಓದಿ ಹೇಳಿ. ಒಬ್ಬರ ದೇಹಕ್ಕೆ ಹಿಡಿದದ್ದು ಇನ್ನೊಬ್ಬರಿಗೆ ಹಿಡಿಯಬೇಕೆಂದಿಲ್ಲ. ಕಾಲನ್ನು ಡಾಕ್ಟರಿಗೆ ತೋರಿಸಿ.

ಅಬ್ಬಿ ಈಗ ವಾಕರ್ ಹಿಡಿದು ನಿಲ್ಲುತ್ತಾಳೆ. ನನಗೆ ಕೆಲಸ ಜಾಸ್ತಿಯಾಗಿದೆ, ದಿನಕ್ಕೆ ಆರು ಲೇಖನ.

ಪುಷ್ಪಕ್ಕನ ಕಾಲು ಹೇಗಿದೆ ಎಂದು ಕೂಡಲೇ ಬರೆಯಿರಿ.

ಇಂತಿ
ಶ್ರೀಲತಾ


ಕುಂದಾಪುರ
ಜನವರಿ 28, 2025

ಶ್ರೀಲತಾಳಿಗೆ,

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಅಲುಗಿದ್ದರೆ ಅದು ಬೆಂಚಿನ ತಪ್ಪು.

ನಿನ್ನ ಡಿಸೆಂಬರಿನ ಪತ್ರ ತಲುಪಿತ್ತು. ಓದಿ ಹೇಳಿದೆ. "ಸಣ್ಣ ಅಕ್ಷರ್‍ದಲ್ ಬರ್ದದ್ ಯಾರ್ ಓದ್ತ್ರ್? ಇನ್ನ್ ನಾಲ್ಕ್ ದಿನ ಇತ್ತ್, ನಲ್ವತ್ತ್ ಆಯ್ಲಿ" ಎಂದಳು. ನಲವತ್ತು ಆಯಿತು. ಆಮೇಲೆ ಇನ್ನೊಂದು ನಲವತ್ತಕ್ಕೆ ಕೈ ಹಾಕಿದಳು. ಪಾದದ ಗಾಯ ಕಪ್ಪಾದದ್ದನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡೇ ಮಿಷಿನು ತುಳಿದಿದ್ದಾಳೆ. ವಾಸನೆ ಬಂದ ಮೇಲೆ ನನಗೆ ತಿಳಿದದ್ದು. ಬಚ್ಚ ರಿಕ್ಷಾ ತಂದ.

ಮೊನ್ನೆ ಶನಿವಾರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಡಾಕ್ಟರು ಒಳ್ಳೆಯವರು. ಮಾತ್ರೆ ಬಿಟ್ಟದ್ದು ಯಾಕೆ ಎಂದು ಕೇಳಿದರು. ನಾನು ಹೇಳಲಿಲ್ಲ.

ನಿನಗೆ ಬೇಜಾರಾಗುತ್ತದೆ, ಬರೆಯುವುದು ಬೇಡ ಎಂದು ಪುಷ್ಪ ಹೇಳಿದ್ದಳು. ಎಚ್ಚರಾದಾಗ ಕೇಳಿದ್ದೂ ನಿನ್ನನ್ನೇ: "ಹೆಣ್ಣಿಗೆ ಬರಿಯುಕೆ ಕೆಲ್ಸ ಸಿಕ್ತಾ ಇತ್ತಾ?"

ಚಂದಯ್ಯ


ಶಿರೂರು
ಫೆಬ್ರವರಿ 5, 2025

ಮಾಷ್ಟ್ರೇ,

ಹಾಲಾಡಿ ಸಮೀಪದ ಆ ಕೃಷಿಕರು ಎಲ್ಲಿಯೂ ಇಲ್ಲ. ಅವರನ್ನು ನಾನು ಸೃಷ್ಟಿಸಿದೆ.

ಆಗಸ್ಟಿನಲ್ಲಿ ವಿಶಾಲ್ ಆ ತಲೆಬರಹ ಕೊಟ್ಟಾಗ ನಾನು ಇದ್ದಬದ್ದದ್ದನ್ನು ಅಲ್ಲಿಂದ ಇಲ್ಲಿಂದ ಹೆಕ್ಕಿ ಬರೆದು ಕೊಟ್ಟಿದ್ದೆ. 'ಗುಣವಾಗಬಹುದು ಎಂದು ಕೆಲವರು ನಂಬುತ್ತಾರೆ' ಎಂದು ಬರೆದಿದ್ದೆ. ಅವರು ವಾಪಸು ಕಳಿಸಿದರು. "ಮೇಡಂ, ಬಹುದು ಗಿಹುದು ಬೇಡ. ನಿಜವಾದ ಉದಾಹರಣೆ ಬೇಕು. ಊರಿನ ಹೆಸರು ಹಾಕಿ, ಜನ ನಂಬುತ್ತಾರೆ" ಎಂದರು. ಉದಾಹರಣೆ ಎಲ್ಲಿಂದ ತರಲಿ ಎಂದು ಕೇಳಿದೆ. "ನೀವು ರೈಟರ್ ಅಲ್ವಾ?" ಎಂದು ಉತ್ತರ ಬಂತು. ಅಬ್ಬಿಗೆ ಆ ದಿನ ಜ್ವರ. ಇನ್ನೂ ಎರಡು ಲೇಖನ ಬಾಕಿಯಿದ್ದವು. ಹಾಲಾಡಿ ಎಂದು ಬರೆಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನಿಮ್ಮಲ್ಲಿಗೆ ಬರುವಾಗ ಬಸ್ಸು ಬದಲಿಸುವ ಊರು, ಅದಕ್ಕೇ ನೆನಪಾಯಿತು.

ಹಾಗಿದ್ದೂ ಅದನ್ನು ನಿಮಗೆ ಯಾಕೆ ಕಳಿಸಿದೆ? ಮೂರರಲ್ಲಿ ಚೆನ್ನಾಗಿ ಬಂದದ್ದು ಅದೇ ಎನಿಸಿತ್ತು. ನೀವು ಓದಬೇಕು, ಕೆಲಸವಿಲ್ಲದೆ ಕುಳಿತಿಲ್ಲ ನಾನು ಎಂದು ನಿಮಗೆ ತಿಳಿಯಬೇಕು ಎನ್ನುವ ಆಸೆ.

ನೀವು ಹೆಸರು ಕೇಳಿದಾಗಲೇ ಹೇಳಬೇಕಿತ್ತು. ಎರಡು ಸಲ ಹೇಳಲು ಕುಳಿತೆ. ಸುದ್ದಿ ಬರೆದು ತಂದಾಗಲೆಲ್ಲ ನೀವು "ಯಾರ್ ಹೇಳದ್?" ಎಂದು ಕೇಳುತ್ತಿದ್ದಿರಿ. ನಿಮ್ಮ ಎದುರು 'ಯಾರೂ ಹೇಳಲಿಲ್ಲ' ಎನ್ನಲು ಧೈರ್ಯ ಬರಲಿಲ್ಲ. ಮುಂಬೈಗೆ ಕಳಿಸಿಬಿಟ್ಟೆ.

ಇನ್ನೂ ಒಂದಿದೆ. ಡಿಸೆಂಬರಿನಲ್ಲಿ ನಿಮ್ಮ ಪತ್ರ ಬಂದ ದಿನ ಬಚ್ಚಣ್ಣನ ನಂಬರು ಒತ್ತಿದೆ. ಅದು ಸಂಜೆ, ಅವರು ಗುಡ್ಡೆಯ ಮೇಲಿರುವ ಹೊತ್ತು. ರಿಂಗಾಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಾದರೆ ನಿಜ ಹೇಳಬೇಕಾಗುತ್ತದೆ, ಪತ್ರದಲ್ಲಾದರೆ ಬುದ್ಧಿಮಾತು ಬರೆಯಬಹುದು ಎಂದು ನನಗೆ ಗೊತ್ತಿತ್ತು.

ಆಸ್ಪತ್ರೆಯಿಂದ ನೀವು ಬರೆದ ಪತ್ರ ಓದಿದ ಕೂಡಲೇ, ಆ ಲೇಖನ ತೆಗೆಯಿರಿ, ಅದರಲ್ಲಿರುವುದು ಸುಳ್ಳು ಎಂದು ವಿಶಾಲ್‌ಗೆ ಬರೆದೆ. "ನಾಲ್ಕು ಲಕ್ಷ ಜನ ಓದಿದ ಲೇಖನ ಮೇಡಂ, ಯಾರು ತೆಗೀತಾರೆ? ನಿಮಗೆ ಪೇಮೆಂಟ್ ಆಗಿದೆ, ಅದು ಈಗ ನಮ್ಮದು" ಎಂದರು. ಲೇಖನದ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ನಿಜ ಬರೆದೆ. ಹತ್ತು ನಿಮಿಷದಲ್ಲಿ ಅಳಿಸಿದರು. ಮತ್ತೆ ಬರೆದೆ. ನನ್ನನ್ನೇ ಹೊರಗೆ ಹಾಕಿದರು. ಈಗ ಅದನ್ನು ಯಾರೋ ಓದಿ ವಿಡಿಯೋ ಮಾಡಿದ್ದಾರೆ. ಹಿನ್ನೆಲೆಯಲ್ಲಿ ಕೊಳಲು ಬೇರೆ.

ಕ್ಷಮಿಸಿ ಎಂದು ಬರೆಯಲು ಮುಖವಿಲ್ಲ. ಪುಷ್ಪಕ್ಕನಿಗೆ ಇದನ್ನು ಓದಿ ಹೇಳಿ. ನಾನೇ ಬಂದು ಹೇಳಬೇಕು ಎಂದರೆ ಬರುತ್ತೇನೆ.

ಶ್ರೀಲತಾ


ಅಮಾಸೆಬೈಲು
ಮೇ 18, 2025

ಶ್ರೀಲತಾ,

ಪುಷ್ಪ ಮಾರ್ಚ್ 30ರಂದು ತೀರಿಕೊಂಡಳು. ನಂಜು ಮೇಲಕ್ಕೆ ಏರಿತ್ತು, ಮೂತ್ರಪಿಂಡ ನಿಂತಿತು. ತಿಳಿಸಲಿಲ್ಲ. ಯಾರಿಗೂ ತಿಳಿಸುವ ಮನಸ್ಸಿರಲಿಲ್ಲ, ನಿನಗಂತೂ.

ನಿನ್ನ ಪತ್ರ ಬಂದಾಗ ಅವಳು ಮನೆಗೆ ಬಂದಿದ್ದಳು. ಮಂಚದ ಮೇಲಿಂದ ಮಿಷಿನನ್ನೇ ನೋಡುತ್ತಾ ಮಲಗಿರುತ್ತಿದ್ದಳು. ನಾನು ಹಿತ್ತಿಲಿಗೆ ಹೋಗಿ ಪತ್ರ ಓದಿ ಬಂದೆ. "ಎಂತ ಬರ್ದಿತ್ತ್ ಶ್ರೀಲತಾ?" ಎಂದು ಕೇಳಿದಳು. "ಅಬ್ಬಿ ನಡೂಕ್ ಶುರು ಮಾಡ್ತಂಬ್ರ್" ಎಂದೆ. ಅವಳಿಗೆ ಸಂತೋಷವಾಯಿತು. ಹಾಲಾಡಿಯವರು ಮುಂಬೈಯಿಂದ ಬಂದರಾ ಎಂದು ಆಮೇಲೂ ಎರಡು ಸಲ ಕೇಳಿದ್ದಳು. ತಾನು ಕಷಾಯಕ್ಕೆ ಏನೋ ಹೆಚ್ಚುಕಡಿಮೆ ಹಾಕಿದ್ದೇನೆ, ಅವರನ್ನು ಕಂಡು ಕೇಳಿದ್ದರೆ ಸರಿಯಾಗುತ್ತಿತ್ತು ಎಂಬುದು ಅವಳ ಕೊರಗು. ಸಾಯುವವರೆಗೂ ತಪ್ಪು ತನ್ನದೆಂದೇ ತಿಳಿದಿದ್ದಳು. ನಾನು ಅವಳನ್ನು ಹಾಗೇ ಬಿಟ್ಟೆ. ನಿನ್ನ ಮಾನ ಕಾಯಲು ಅಲ್ಲ. ತಾನು ಇಲ್ಲದ ಮನುಷ್ಯನನ್ನು ನಂಬಿ ಕಾಲು ಕಳೆದುಕೊಂಡೆ ಎಂದು ಅವಳಿಗೆ ತಿಳಿಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ನಿನಗೆ ಕಳಿಸುವ ಮೊದಲು, ನಾನು ತಿದ್ದಿದ ಆ ಲೇಖನದ ಒಂದು ಜೆರಾಕ್ಸ್ ಅವಳು ಬಚ್ಚನ ಕೈಯಲ್ಲಿ ಮಾಡಿಸಿಟ್ಟುಕೊಂಡಿದ್ದಳು. ಅವಳ ಬಟ್ಟೆ ತೆಗೆಯುವಾಗ ಸಿಕ್ಕಿತು. ನನ್ನ ಹದಿನಾಲ್ಕು ಗುರುತುಗಳಿದ್ದವು. ಹಾಲಾಡಿಯ ಆ ವಾಕ್ಯದಲ್ಲಿಯೂ ಒಂದು ಇತ್ತು. 'ವಿಧಾಯ' ಎಂದು ನೀನು ಬರೆದದ್ದನ್ನು 'ವಿದಾಯ' ಮಾಡಿದ್ದೆ. ಅಷ್ಟು ಹತ್ತಿರದಿಂದ ನೋಡಿದ್ದೇನೆ. ಯಾರು ಹೇಳಿದ್ದು ಎಂದು ಅಂಚಿನಲ್ಲಿ ಒಂದು ಪ್ರಶ್ನೆ ಹಾಕಲಿಲ್ಲ. ತುಂಬ ದಿನಗಳ ಮೇಲೆ ತಿದ್ದಲು ಏನೋ ಸಿಕ್ಕಿತಲ್ಲ ಎಂಬ ಖುಷಿಯಲ್ಲಿದ್ದೆ.

ಕ್ಷಮಿಸಿದ್ದೇನೆ ಎಂದು ಒಂದು ಹಾಳೆಯಲ್ಲಿ ಬರೆದಿದ್ದೆ. ಓದಿ ನೋಡಿದೆ. ನಿಜವಾಗಿರಲಿಲ್ಲ. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿಗೆ ಬರಬೇಡ. ನೀನು ಬರೆದರೆ ಓದುತ್ತೇನೆ. ಉತ್ತರ ಬರೆಯುತ್ತೇನೆ ಎಂದು ಹೇಳಲಾರೆ.

ಚಂದಯ್ಯ


ಶಿರೂರು
ಸೆಪ್ಟೆಂಬರ್ 21, 2025

ಪೂಜ್ಯ ಮಾಷ್ಟ್ರಿಗೆ,

ಉತ್ತರ ಬೇಡ. ಓದಿದರೆ ಸಾಕು.

ವಿಶಾಲ್ ಜೂನಿನಲ್ಲಿ ಮತ್ತೆ ಬರೆದಿದ್ದರು, ಏನೂ ಆಗಿಲ್ಲವೇನೋ ಎಂಬಂತೆ. ಈಗ ಲೇಖನಗಳನ್ನು ಯಂತ್ರವೇ ಬರೆಯುತ್ತದಂತೆ, ನಿಮಿಷಕ್ಕೊಂದು. ಕನ್ನಡ ಅಲ್ಲಲ್ಲಿ ಎಡವುತ್ತದೆ, ಅದನ್ನು ನಾನು ತಿದ್ದಿಕೊಡಬೇಕಂತೆ. ಪದಕ್ಕೆ ಎರಡು ಪೈಸೆ. ಉಳಿದದ್ದನ್ನು ಮುಟ್ಟಬಾರದು, ಕಾಗುಣಿತ ಮಾತ್ರ. ಆಗುವುದಿಲ್ಲ ಎಂದೆ. ಬೇರೆ ಕಡೆ ಹುಡುಕಿದೆ. ಕನ್ನಡಕ್ಕೆ ಎಲ್ಲ ಕಡೆಯೂ ಈಗ ಇದೇ ಕೆಲಸ. ಫೋನಿನಿಂದ ಆ ಸೈಟುಗಳನ್ನೆಲ್ಲ ತೆಗೆದು ಹಾಕಿದೆ.

ಅಬ್ಬಿ ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗುತ್ತಾಳೆ. ಅದಕ್ಕೇ ನಾನು ಆಗಸ್ಟಿನಿಂದ ಬೈಂದೂರಿನ ಹತ್ತಿರ ಒಂದು ಶೆಡ್ಡಿಗೆ ಸಿಗಡಿ, ನಮ್ಮ ಚಟ್ಲಿ, ಸುಲಿಯಲು ಹೋಗುತ್ತಿದ್ದೇನೆ. ಐಸಿನಲ್ಲಿ ಕೈ ಜೋಮು ಹಿಡಿದು, ಈ ಪತ್ರದ ಅಕ್ಷರ ಹೀಗಾಗಿದೆ.

ನನ್ನ ಪಕ್ಕದಲ್ಲಿ ಕೂರುವವಳು ಅಕ್ಷಯಾ. ಹೋದ ವಾರ ಊಟದ ಹೊತ್ತಿಗೆ ಫೋನು ತೋರಿಸಿ, "ಇದೊಂಚೂರ್ ಓದಿ ಹೇಳ್ ಮಾರಾಯ್ತಿ, ಅಪ್ಪಯ್ಯಂಗೆ ಸಕ್ಕರೆ ಇತ್ತ್" ಎಂದಳು. ಹಾಲಾಡಿ ಸಮೀಪದ ಕೃಷಿಕರೊಬ್ಬರು.

ಓದಲಿಲ್ಲ. "ಇದ್ ಸುಳ್ಳ್. ನಾನೇ ಬರ್ದದ್" ಎಂದೆ. ಶೆಡ್ಡಿನವರೆಲ್ಲ ನಕ್ಕರು. ಅಕ್ಷಯಾ ನಗಲಿಲ್ಲ. ನನ್ನ ಮುಖ ನೋಡಿ, "ನಿಂಗ್ ಹುಷಾರಿಲ್ಯಾ?" ಎಂದಳು.

ಇಂದು ಭಾನುವಾರ, ಬೆಳಿಗ್ಗೆ ಅವಳ ಮನೆಗೆ ಹೋದೆ. ತಂದೆ ದೇವು ಅಂತ, ಬಲೆ ನೇಯುತ್ತಾ ಕುಳಿತಿದ್ದರು. ಪುಷ್ಪಕ್ಕನ ವಿಚಾರ ಎಲ್ಲವನ್ನೂ ಹೇಳಿದೆ. ಮೊದಲ ಸಲ, ಒಂದೂ ಬಿಡದೆ, ಹೆಸರು ಸಮೇತ. ಅವರು ಬಲೆ ಕೆಳಗಿಟ್ಟು ಪೂರ್ತಿ ಕೇಳಿದರು. ಚಾ ಕೊಡಿಸಿದರು.

"ನೀ ಹೇಳುದ್ ನಾ ಇಲ್ಲ ಅಂಬುದಿಲ್ಲೆ ಮಗಾ" ಎಂದರು ಕೊನೆಗೆ. "ಆರೆ ಚಟ್ಲಿ ಸುಲುಕ್ ಹೋಪವ್ಳ್ ಹೇಳದ್ ಕೇಣ್ಕಾ, ಅಷ್ಟ್ ಜನ ಓದದ್ ಕೇಣ್ಕಾ?"

ಅಕ್ಷಯಾ ಒಳಗಿನಿಂದ ಕಷಾಯದ ಲೋಟ ತಂದಳು; ಲೇಖನವನ್ನು ಬೇರೆ ಯಾರೋ ಓದಿ ಹೇಳಿದ್ದರಂತೆ. ಅವರು ನನ್ನ ಎದುರೇ ಕುಡಿದರು. ಕಹಿಗೆ ಮುಖ ಕಿವುಚಿ, ಬಾಯಿ ಒರೆಸಿಕೊಂಡು, ಮತ್ತೆ ಬಲೆ ಎತ್ತಿಕೊಂಡರು.

ನಾಳೆ ಸೋಮವಾರ. ಶೆಡ್ಡಿನಲ್ಲಿ ಅಕ್ಷಯಾಳ ಪಕ್ಕದಲ್ಲೇ ಕೂರಬೇಕು. ಅಪ್ಪಯ್ಯ ಮಾತ್ರೆ ತೆಗೆದುಕೊಂಡರಾ ಎಂದು ಕೇಳುತ್ತೇನೆ. ಅವಳು ಸಿಟ್ಟಾಗುತ್ತಾಳೆ. ಮಂಗಳವಾರವೂ ಕೇಳುತ್ತೇನೆ.

ಶ್ರೀಲತಾ